ದೀಪಕ್ಕೆ ಹೋದ ಸಲಾಡ್ ಎಣ್ಣೆ

ರೀ,

ರಾತ್ರಿ ದೇವರ ಮನೆಯಲ್ಲಿ ಚಟಚಟ ಸದ್ದು ಕೇಳಿ ಎದ್ದೆ. ಅತ್ತೆ ಹಚ್ಚಿಟ್ಟ ದೀಪ ಆರಿತ್ತು. ಪೊರೆ ಬಂದ ಕಣ್ಣಿಗೆ ಗೊತ್ತಾಗದೆ ಅವರು ಅದಕ್ಕೆ ಸುರಿದದ್ದು ಸಲಾಡಿಗೆಂದು ನಾನು ಎಣ್ಣೆ, ವಿನೆಗರ್, ಬೆಳ್ಳುಳ್ಳಿ ಕುಲುಕಿಟ್ಟಿದ್ದ ಬಾಟಲಿಯನ್ನು. ದೀಪ ತೊಳೆದು, ಹೊಸ ಬತ್ತಿ ಹಾಕಿ ಹಚ್ಚಿದೆ.

ಬೆಳಿಗ್ಗೆ ಎದ್ದವರೇ, "ದೇವ್ರ ಮನ್ಯಾಗ ಬೆಳ್ಳುಳ್ಳಿ ವಾಸ್ನಿ ಬರಾಕತ್ತೈತಲ್ಲ, ದೇವ್ರಿಗೂ ಒಗ್ಗರಣಿ ಹಾಕೀಯೇನವಾ? ದೀಪ ಆರಿಲ್ಲ ಹೌದಿಲ್ಲೋ?" ಎಂದರು. "ಇಲ್ರಿ ಅತ್ತಿ, ಹಂಗ ಉರಿಯಾಕತ್ತೈತಿ ನೋಡ್ರಿ" ಎಂದೆ. ಹೋದ ತಿಂಗಳು ಹಲ್ಲಿ ನುಡಿಯಿತೆಂದು ಕಣ್ಣಿನ ಆಪರೇಷನ್ ಬಿಟ್ಟು ಆಸ್ಪತ್ರೆ ಬಾಗಿಲಿನಿಂದ ವಾಪಸ್ ಬಂದವರು. ದೀಪ ಆರಿತೆಂದರೆ ಇವತ್ತೂ ಆಸ್ಪತ್ರೆಗೆ ಆಟೋ ಹತ್ತುವುದೇ ಇಲ್ಲ. ಇನ್ನೂ ತಡವಾದರೆ ಕಣ್ಣು ಉಳಿಯುವುದು ಕಷ್ಟ ಎಂದು ಡಾಕ್ಟರ್ ಹೇಳಿದ್ದು ನಿಮಗೂ ನೆನಪಿರಬೇಕು.

ಆಪರೇಷನ್ ಮುಗಿಸಿ ಮಧ್ಯಾಹ್ನ ಬರುತ್ತೇವೆ. ನೈಟ್ ಶಿಫ್ಟಿನಿಂದ ಬಂದು ಹಾಗೇ ಮಲಗಬೇಡಿ. ಸವತೆಕಾಯಿ, ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಸೊಪ್ಪು ಉಪ್ಪುನೀರಿನಲ್ಲಿ ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ಚಮಚ ಎಣ್ಣೆಗೆ ಒಂದು ಚಮಚ ವಿನೆಗರ್, ಉಪ್ಪು, ಮೆಣಸಿನ ಪುಡಿ ಹಾಕಿ ಬಾಟಲಿಯಲ್ಲಿ ಹೊಸದಾಗಿ ಕುಲುಕಿಡಿ. ಅತ್ತೆಗೆ ಶುಗರ್ ಇದೆ, ಜೇನುತುಪ್ಪ ಬೇಡ. ಊಟಕ್ಕೆ ಕೂತ ಮೇಲೆಯೇ ಕಲಸೋಣ, ಮೊದಲೇ ಕಲಸಿದರೆ ಸೊಪ್ಪು ಬಾಡುತ್ತದೆ. ಬಾಟಲಿ ಮಾತ್ರ ಫ್ರಿಜ್ಜಿನಲ್ಲಿರಲಿ, ದಯವಿಟ್ಟು.

ಗೊತ್ತಿಲ್ಲದಿದ್ದರೆ ಮೊದಲಿನ ಎಣ್ಣೆ ಹೇಗೆ ಖಾಲಿಯಾಯಿತೆಂದು ನೀವು ಅವರೆದುರೇ ಕೇಳಿಬಿಡುತ್ತೀರಿ. ಅದಕ್ಕೇ ಇಷ್ಟು ಬರೆದೆ. ಓದಿದ ಕೂಡಲೇ ಹರಿದುಹಾಕಿ. ನಾಳೆ ಕಣ್ಣಿನ ಪಟ್ಟಿ ಬಿಚ್ಚಿದರೆ ಅತ್ತೆಗೆ ನನ್ನ ಅಕ್ಷರ ಕಾಣುತ್ತದೆ. ನಾನಂತೂ ಇನ್ನು ಯಾರಿಗೂ ಹೇಳುವುದಿಲ್ಲ.

ದೇವಿಕಾ