ಪೆನ್‌ಡ್ರೈವ್ ತರುತ್ತಿದ್ದ ಅಕ್ಕ

ಮಾರ್ಚ್ ೧೧, ಮಂಗಳವಾರ

ಗೆದ್ದೆ, ಆದರೂ ಮನಸ್ಸು ಪಿಚ್ಚೆನ್ನುತ್ತಿದೆ. ನಮ್ಮ ಪ್ರೋಗ್ರಾಮಿಂಗ್ ಭಾಷೆಗೆ ನಾನು ಬರೆದ, ಕೋಡಿನ ತುಣುಕುಗಳನ್ನು ಜೋಡಿಸುವ ಬಿಲ್ಡ್ ಟೂಲ್ ಇವತ್ತು ಮೊದಲ ಸಲ ಪ್ಯಾಕೇಜೊಂದನ್ನು ತಾನೇ ನೆಟ್‌ನಿಂದ ಇಳಿಸಿಕೊಂಡಿತು. ಅದು ಅಕ್ಕ ಬರೆದ ಕ್ಯಾಲೆಂಡರ್ ಲೈಬ್ರರಿ, ದಿನಾಂಕಗಳ ಲೆಕ್ಕಕ್ಕೆ ಬೇಕಾದ ಸಿದ್ಧ ಕೋಡ್. ನಾಲ್ಕೇ ಸೆಕೆಂಡು.

ಮೊದಲೆಲ್ಲ ಅದರ ಪ್ರತಿ ಹೊಸ ಆವೃತ್ತಿಯನ್ನೂ ಅಕ್ಕನೇ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಕಾಪಿ ಮಾಡುವುದಕ್ಕೆ ಅರ್ಧ ನಿಮಿಷ. ನನ್ನ ಕೋಣೆಯನ್ನೂ ಗಡ್ಡವನ್ನೂ ಬೈಯುವುದಕ್ಕೆ ಇಡೀ ಭಾನುವಾರ. ಇಮೇಲ್ ಇರಲಿಲ್ಲವೇ? ಇತ್ತು. ನಾವಿಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಫೋನ್ ಮಾಡಿ ಹೇಳಿದೆ.

"ಹಾಗಾದ್ರೆ ಇನ್ನು ನಾನು ಬರೋದು ಬೇಡ ಅನ್ನು," ಅಂದಳು.

"ಇಲ್ಲ ಅಕ್ಕ, ಟೂಲಲ್ಲಿ ಒಂದು ತಪ್ಪು ಉಳಿದಿದೆ. ಭಾನುವಾರ ಬಾ."

"ಎಂಥ ತಪ್ಪೋ?"

"ನೀನು ಬಾ, ಇಬ್ಬರೂ ಕೂತು ಹುಡುಕೋಣ."

"ಪೆನ್‌ಡ್ರೈವ್ ತರ್ಲಾ?" ಅಂದಳು.

ಭಾನುವಾರದವರೆಗೆ ಕೋಣೆ ಗುಡಿಸಬಾರದು. ಗಡ್ಡವೂ ಹಾಗೇ…