ಎಂಟು ಗಂಟೆಯ ಕರೆ

ಮಾರ್ಚ್ ೧೪, ಶನಿವಾರ
ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಬಿಡುವಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಬಿಡುವಿತ್ತು, ಕೂರಲು ಆಗಲಿಲ್ಲ. ಈ ಕಾಗದವನ್ನೇ ನಾಲ್ಕು ಸಲ ಶುರು ಮಾಡಿ ಎದ್ದಿದ್ದೇನೆ. ಒಮ್ಮೆ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು, ಒಮ್ಮೆ ಅಮ್ಮನ ದಿಂಬು ಸರಿಮಾಡಲು, ಇನ್ನೆರಡು ಸಲ ಸುಮ್ಮಸುಮ್ಮನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನ್ ಕೈಗೆತ್ತಿಕೊಂಡರೂ ಈಗೀಗ ನಿನ್ನ ನಂಬರು ಒತ್ತದೆ ಇಟ್ಟುಬಿಡುತ್ತೇನೆ.

ಮೊದಲು ಅಮ್ಮನ ವಿಷಯ. ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದರು ಡಾಕ್ಟರು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಂಚ ಹಾಕಿಸಿದ್ದೇನೆ. ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ಬರುತ್ತಾಳೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡವರ ಮಾತಿಗೆಲ್ಲ ತಂತಿ ಜೋಡಿಸಿದವಳಲ್ಲವೇ, ನಾಲಿಗೆಗೆ ಏನೂ ಆಗಿಲ್ಲ. ದಿನಾ ಬರುವ ನರ್ಸಿಗೆ, "ನೀವು ಹಲೋ ಅಂದ್ರೆ ಬೈದ ಹಾಗಿರುತ್ತಮ್ಮ, ಸ್ವಲ್ಪ ನಗ್ತಾ ಅನ್ನಿ" ಎಂದು ಪಾಠ ಶುರು ಮಾಡಿದ್ದಾಳೆ. ನಾನು ಅವಳಿಗೆ ಇನ್ನೂ ಬುಗುರಿಯೇ. "ಒಂದ್ಕಡೆ ನಿಲ್ಲೇ ಬುಗುರಿ, ನೋಡಿ ನೋಡಿ ನಂಗೇ ತಲೆ ತಿರುಗುತ್ತೆ" ಎನ್ನುತ್ತಾಳೆ.

ಇನ್ನು ನಮ್ಮ ಸೇವಾಸಂಘದ ಸುದ್ದಿ. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ; ಕಾರ್ಯದರ್ಶಿಯ ಬಾಯಿ ಮುಚ್ಚಿಸುವವರು ಯಾರು. ತಿಂಗಳ ಸುದ್ದಿಪತ್ರ ಸೋಮವಾರ ಅಚ್ಚಿಗೆ ಹೋಗಬೇಕು. 'ಸ್ವಯಂಸೇವಕರು ಬೇಕಾಗಿದ್ದಾರೆ' ಎನ್ನುವ ಪುಟ ನನ್ನದು. ಇಪ್ಪತ್ತೆಂಟಕ್ಕೆ ಕಣ್ಣಿನ ತಪಾಸಣೆ ಇದೆ. ಬಂದವರನ್ನು ಸಾಲಾಗಿ ಕೂರಿಸಲು ಆರು ಜನ ಬೇಕು, ಸಾಲಿನ ಜಗಳ ಬಿಡಿಸಲು ಇಬ್ಬರು. ಎರವಲು ಕೊಡುವ ಗಾಲಿಕುರ್ಚಿಗಳೆಲ್ಲ ಕಿರುಗುಟ್ಟುತ್ತಿವೆ, ಎಣ್ಣೆ ಬಿಟ್ಟು ಸರಿಮಾಡಬಲ್ಲವರು ಒಬ್ಬರು ಬೇಕು. ಆಸ್ಪತ್ರೆಯಲ್ಲಿ ಮಕ್ಕಳಿಗೆ ಕಥೆ ಓದುವವರೂ ಬೇಕು. ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಹೋಗಿದ್ದರು. ಕಥೆ ಮುಗಿದ ಮೇಲೆ ಪ್ರಶ್ನೆ ಕೇಳಲು ಶುರು ಮಾಡಿದರಂತೆ, ಮಕ್ಕಳೆಲ್ಲ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡವಂತೆ. ಎಲ್ಲ ಕೆಲಸಕ್ಕೂ ಮೊದಲ ಹೆಸರು ನನ್ನದೇ ಬರೆದುಕೊಂಡಿದ್ದೇನೆ. ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬಿದ್ದ ಹಾಗಾಗುತ್ತದೆ.

'ಬೆಳಗಿನ ಕರೆ'ಗೂ ಒಬ್ಬರು ಬೇಕು. ಅದು ನಿನಗೆ ಗೊತ್ತೇ ಇದೆ: ಒಬ್ಬೊಬ್ಬರೇ ಇರುವ ಹಿರಿಯರಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುವುದು. ಎರಡು ಸಲ ಎತ್ತದಿದ್ದರೆ ಸಂಘದ ಮೊಳೆಯಲ್ಲಿ ತೂಗುವ ಅವರ ಮನೆ ಕೀಲಿ ತೆಗೆದುಕೊಂಡು ಓಡುವುದು. ಫೋನ್ ಮಾಡುವವರಿಗೆ ತಲಾ ಹತ್ತೇ ಹೆಸರು. ಹನ್ನೊಂದನೆಯವರು ಕಾಯಬೇಕು. ಪಟ್ಟಿ ಇರುವುದು ನನ್ನ ಬೀರುವಿನಲ್ಲಿ.

ಅಮ್ಮನಿಗೆ ಫೋನ್ ಮಾಡುತ್ತಿದ್ದವರು ಗಡಿಯಾರ ರಿಪೇರಿಯವರು. ಎಂಟು ಗಂಟೆ ಎಂದರೆ ಎಂಟೇ. "ಫೋನಲ್ಲಿ ಮಾತಾಡೋಕೆ ಬರೋದು ಈ ಸಂಘದಲ್ಲಿ ಅವರೊಬ್ಬರಿಗೇ" ಎಂದು ಅಮ್ಮ ಎಲ್ಲರೆದುರು ಹೇಳುತ್ತಿದ್ದಳು.

ನೀನು ಅಧ್ಯಕ್ಷರಿಗೆ ಬರೆದ ಕಾಗದವನ್ನು ಸಭೆಯಲ್ಲಿ ಓದಿದರು. 'ನನ್ನ ತಾಯಿ ಅಡುಗೆಮನೆಯ ಬಾಗಿಲಲ್ಲಿ ಏಳೂವರೆಯಿಂದ ಮಧ್ಯಾಹ್ನ ಒಂದರವರೆಗೆ ಬಿದ್ದಿದ್ದರು, ನಿಮ್ಮ ಫೋನ್ ಬರಲಿಲ್ಲ, ಇಂಥ ಹೊಣೆಗೇಡಿಗಳಿಗೆ ಯಾಕೆ ಈ ಕೆಲಸ ಕೊಡುತ್ತೀರಿ' ಎಂದಿದ್ದೆ. ಗಡಿಯಾರದವರು ಎರಡನೆಯ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರು, "ಏನ್ರೀ ಇದು" ಎಂದರು. ಗಡಿಯಾರದವರು ಕನ್ನಡಕ ತೆಗೆದು ಒರೆಸಿ ನನ್ನ ಕಡೆ ನೋಡಿದರು. ನಾನು ಕಡತದಲ್ಲಿ ಏನೋ ಹುಡುಕುತ್ತಿದ್ದೆ. "ನಾನು ಬೇರೆ ಕೆಲಸ ಮಾಡ್ತೀನಿ ಸಾರ್" ಎಂದರು, ಅಷ್ಟೇ. ಈಗ ಅವರು ಸಭೆಗೆ ಕುರ್ಚಿ ಜೋಡಿಸುತ್ತಾರೆ. ಅವರ ಪಟ್ಟಿಯಲ್ಲಿದ್ದ ಹಿರಿಯರು ಬೆಳಗಾದರೆ ನನ್ನನ್ನು ಕೇಳುತ್ತಾರೆ, ಗಡಿಯಾರದವರಿಗೆ ಮೈ ಸರಿಯಿಲ್ಲವೇ ಎಂದು.

ಭಾವನವರ ಕೆಮ್ಮು ಕಡಿಮೆಯಾಯಿತೇ? ಮಗಳ ಪರೀಕ್ಷೆ ಮುಗಿದಿರಬೇಕು. ಅವಳು ಹೊಟ್ಟೆ ತುಂಬ ಉಂಡು ಕಣ್ತುಂಬ ಮಲಗಲಿ, ಓದಿದ್ದೆಲ್ಲ ಕೈಗೆ ಹತ್ತಲಿ ಎಂದು ಚಿಕ್ಕಮ್ಮ ಹರಸಿದ್ದಾಳೆ ಎಂದು ಹೇಳು. ನಿನಗೆ ಹರಸುವಷ್ಟು ದೊಡ್ಡವಳಲ್ಲ ನಾನು. ನೀನೇ ಮನಸ್ಸಾದರೆ ನನ್ನ ತಲೆಯ ಮೇಲೆ ಒಂದು ಕೈ ಇಡು. ಕಾಗದ ಪೂರ್ತಿ ಓದಿದ ಮೇಲೆ ಇಟ್ಟರೂ ಸಾಕು.

ನಿನ್ನ ತಂಗಿ
ಬುಗುರಿ

ತಾ. ಕ.: ಗಡಿಯಾರದವರ ತಪ್ಪಿಲ್ಲ ಅಕ್ಕ. ಆ ದಿನ ಅಮ್ಮನ ಹೆಸರು ಅವರ ಪಟ್ಟಿಯಲ್ಲೇ ಇರಲಿಲ್ಲ. ಹೊಡೆದು ಹಾಕಿದವಳು ನಾನು. ಜನವರಿಯ ಸಭೆಯಲ್ಲಿ ಯಾರೋ, "ಕಾರ್ಯದರ್ಶಿಗಳ ತಾಯಿಗೂ ಸಂಘವೇ ಫೋನ್ ಮಾಡ್ಬೇಕಾ" ಎಂದು ನಕ್ಕರು. ಮೂರೇ ಬೀದಿಯಾಚೆ ಇರುವ ಮಗಳು ನಾನು, ಮುಖ ಸುಟ್ಟ ಹಾಗಾಯಿತು. ಮನೆಗೆ ಬಂದವಳೇ ಪಟ್ಟಿ ತೆಗೆದು ಗೀಟು ಎಳೆದೆ. ಕಾಯುತ್ತಿದ್ದ ಹನ್ನೊಂದನೆಯವರಿಗೆ ಆ ಜಾಗ ಕೊಟ್ಟೆ. ಅಮ್ಮನಿಗೆ ಇನ್ನು ನಾನೇ ಮಾಡುತ್ತೇನೆ ಎಂದು ಗಡಿಯಾರದವರಿಗೆ ಹೇಳಿದಾಗ, "ಎಂಟಕ್ಕೇ ಮಾಡಿ ಮೇಡಂ, ಅವರು ಫೋನ್ ಮುಂದೆ ಕೂತಿರ್ತಾರೆ" ಎಂದಿದ್ದರು.

ಮೂರು ವಾರ ತಪ್ಪಿಸಲಿಲ್ಲ. ಆ ದಿನ ರಕ್ತದಾನ ಶಿಬಿರವಿತ್ತು. ಏಳಕ್ಕೆಲ್ಲ ಹೋಗಿ ಬ್ಯಾನರ್ ಕಟ್ಟಿಸುತ್ತಿದ್ದೆ. ಎಂಟು ಗಂಟೆಗೆ, ಬಾರದ ಸ್ವಯಂಸೇವಕರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಹದಿನಾಲ್ಕು ಜನ. ಅಮ್ಮನೊಬ್ಬಳು ನೆನಪಾಗಲಿಲ್ಲ.

ಇದನ್ನೆಲ್ಲ ಸುದ್ದಿಪತ್ರದ ಮೊದಲ ಪುಟಕ್ಕೆ ಬರೆದಿಟ್ಟಿದ್ದೇನೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಲಿ ಎಂದು ಈ ಕಾಗದ. ಇದನ್ನು ಡಬ್ಬಿಗೆ ಹಾಕಿ ನೇರ ಗಡಿಯಾರದವರ ಅಂಗಡಿಗೆ ಹೋಗುತ್ತೇನೆ. ಅವರು ಮಾತಾಡಿಸುತ್ತಾರೋ ಇಲ್ಲವೋ ಗೊತ್ತಿಲ್ಲ.

ಅಮ್ಮ ಒಂದು ದಿನವೂ ನನ್ನನ್ನು ಬೈದಿಲ್ಲ. ಪಕ್ಕದ ಮನೆಯವರು ಗೋಡೆಯಾಚೆಯೇ ಇದ್ದರಲ್ಲ, ಯಾಕಮ್ಮ ಕೂಗಲಿಲ್ಲ ಎಂದು ನಿನ್ನೆ ಕೇಳಿದೆ. ತಲೆಗೂದಲು ಬಾಚಿಸಿಕೊಳ್ಳುತ್ತಾ ಹೇಳಿದಳು: "ಅವರನ್ಯಾಕೆ ಎಬ್ಬಿಸೋದು ಅಂತ ಸುಮ್ನಿದ್ದೆ ಕಣೇ. ಎಂಟಾದ್ರೆ ನೀನು ಫೋನ್ ಮಾಡ್ತೀಯ, ಎತ್ತದಿದ್ರೆ ಓಡಿ ಬರ್ತೀಯ ಅಂತ."