ಶಾಹಿದಾ ತಂದ ಬಣ್ಣದ ಜೆಲ್

ಬುಧವಾರ, ೧೭ ನವೆಂಬರ್ ೨೦೦೪, ಬಂಟ್ವಾಳ

ಬೆಳಿಗ್ಗೆ ಮತ್ತೆ ಅದೇ ರಂಪ. ಬೆರಳು ಚುಚ್ಚಿಸಿಕೊಳ್ಳಲು ಒಪ್ಪದೆ ವಿಜೇತಾ ಮಂಚದಡಿ ಸೇರಿದಳು. ಸಕ್ಕರೆ ಕಾಯಿಲೆ ಬಂದ ಮೇಲೆ ನನ್ನ ಎಂಟು ವರ್ಷದ ಮಗಳು ನನ್ನನ್ನು ಕಂಡರೆ ಕೈ ಬಚ್ಚಿಡುತ್ತಾಳೆ. ಆ ಸಂಕಟ ಎದೆಯಿಂದ ಇಳಿಯುವುದೇ ಇಲ್ಲ.

ಸಂಜೆ ಪಕ್ಕದ ಮನೆಯ ಶಾಹಿದಾ ಬಂದಳು. ಪುಣೆಯಲ್ಲಿ ಸಂಶೋಧನೆ ಮಾಡುವವಳು, ಹಬ್ಬಕ್ಕೆಂದು ಊರಿಗೆ ಬಂದಿದ್ದಾಳೆ. ಪುಟ್ಟ ಬಾಟಲಿಯಲ್ಲಿ ಅವಳೇ ಮಾಡಿದ ಜೆಲ್‌ನ ಚೂರು, ಚೈನಾ ಗ್ರಾಸ್ ತುಂಡಿನಂತೆ ಮೆತ್ತಗೆ, ನೀಲಿಯಾಗಿ ಹೊಳೆಯುತ್ತಿತ್ತು. ಗ್ಲುಕೋಸ್ ನೀರು ಹಾಕಿದಳು. ಸ್ವಲ್ಪ ಹೊತ್ತಿನಲ್ಲಿ ಅದು ಉಬ್ಬಿ ಹಸಿರಾಯಿತು, ಆಮೇಲೆ ಕೆಂಪಾಯಿತು. ಸಕ್ಕರೆ ಎಷ್ಟೆಂದು ಬಣ್ಣವೇ ಹೇಳುತ್ತದೆ! ನಮ್ಮ ಕಣ್ಣೆದುರು ಬೆಳೆದ ಹುಡುಗಿ ಮಾಡಿದ್ದು!

ವಿಜೇತಾ ಓಡಿ ಬಂದಳು. “ಅಕ್ಕ, ಇನ್ನು ನನಗೆ ಸೂಜಿ ಬೇಡ ಅಲ್ವಾ?”

ಹೂಂ ಅನ್ನು ಎಂದು ನಾನು ಶಾಹಿದಾಳಿಗೆ ಕಣ್ಸನ್ನೆ ಮಾಡಿದೆ. ಅವಳು ಮಗುವಿನೆದುರು ನೆಲದಲ್ಲೇ ಕೂತಳು.

“ಬೇಕು ಮಾರಾಯ್ತಿ. ರಕ್ತದಲ್ಲಿ ಉಪ್ಪು ಉಂಟಲ್ಲ, ಅದು ಇದರ ಲೆಕ್ಕ ತಪ್ಪಿಸ್ತದೆ. ಎಷ್ಟೋ ಸಲ ಸೋತಿದ್ದೇನೆ. ಆದ್ರೆ ಬಿಡುವುದಿಲ್ಲ.”

“ಚುಚ್ಚಿದ್ರೆ ನೋವಾಗ್ತದೆ, ನಿಮಗೆ ಗೊತ್ತುಂಟಾ?”

ಶಾಹಿದಾ ನನ್ನಿಂದ ಹೊಸ ಸೂಜಿ ಕೇಳಿ ಪಡೆದು ತನ್ನ ಬೆರಳಿಗೇ ಚುಚ್ಚಿಕೊಂಡಳು. “ಅಬ್ಬಾ! ನೋವುಂಟು.”

ವಿಜೇತಾ ನಕ್ಕುಬಿಟ್ಟಳು. ಆಮೇಲೆ, ನಾನು ಕೇಳದೆಯೇ, ತನ್ನ ಬೆರಳನ್ನು ನನ್ನತ್ತ ಚಾಚಿದಳು. ಇಷ್ಟು ದಿನ ನಾನು ಹೇಳಿದ ಸಮಾಧಾನದ ಮಾತುಗಳಿಂದ ಆಗದ್ದು ಶಾಹಿದಾಳ ಒಂದು ನಿಜದಿಂದ ಆಯಿತು.

ಶಾಹಿದಾ ಹೊರಟಾಗ ವಿಜೇತಾ ಗೇಟಿನವರೆಗೂ ಹೋಗಿ ಕೂಗಿದಳು: “ಅಕ್ಕ, ಮುಂದಿನ ಸಲ ನನ್ನ ರಕ್ತದಲ್ಲೇ ನೋಡುವ, ಆಯ್ತಾ?”

ಶಾಹಿದಾ ತಿರುಗಿ ನಿಂತಳು. ಅವಳ ಮುಖ ನೋಡಿ ನನಗೆ ಇವಳು ಸೋತರೂ ಬಿಡುವವಳಲ್ಲ ಎಂಬ ನಂಬಿಕೆ ಬಂತು. “ಆಯ್ತು ಮಾರಾಯ್ತಿ, ಆದ್ರೆ ಆಗಲೂ ಬೆರಳು ಚುಚ್ಚಬೇಕು,” ಎಂದಳು.